ಲೆಕ್ಕ ಕೇಳುವುದು ದ್ರೋಹವಲ್ಲ

ಉಡುತಡಿಯ ಅರಮನೆಯಿಂದ ಒಬ್ಬ ಹೆಣ್ಣುಮಗಳು ಹೊರನಡೆದು ಎಂಟುನೂರು ವರ್ಷಗಳಿಗೂ ಮಿಕ್ಕಿ ಕಾಲ ಸಂದಿತು. ಅಕ್ಕಮಹಾದೇವಿಯ ಚರಿತ್ರೆಯನ್ನು ಕವಿಗಳು ಬೇರೆ ಬೇರೆ ಬಗೆಯಾಗಿ ಹೇಳಿದ್ದಾರೆ. ಹರಿಹರನ ರಗಳೆಯಲ್ಲಿ ಆಕೆ ಕೌಶಿಕನಿಗೆ ಷರತ್ತುಗಳನ್ನು ಒಡ್ಡಿ ಅರಮನೆಯನ್ನು ಪ್ರವೇಶಿಸುತ್ತಾಳೆ. ಅರಸನು ಮಾತಿಗೆ ತಪ್ಪಿದಾಗ ಅರಮನೆಯನ್ನೂ ಅದರ ಸಕಲ ಸಂಪತ್ತನ್ನೂ ತೊರೆದು ಹೊರಟುಹೋಗುತ್ತಾಳೆ. ಈ ಕಥೆಯನ್ನು ನಾವು ಪುರಾಣಪ್ರವಚನಗಳಲ್ಲಿ ವೈರಾಗ್ಯದ ಕಥೆಯೆಂದು ಕೇಳಿ, ಕೈಮುಗಿದು, ಮನೆಗೆ ಹೋಗುತ್ತೇವೆ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಅರಸನಿಗೆ ಆಕೆಯ ಮೇಲೆ ಇದ್ದ ಅಧಿಕಾರವು ಷರತ್ತಿನ ಮೇಲೆ ನಿಂತದ್ದಾಗಿತ್ತು. ಷರತ್ತು ಮುರಿಯಿತೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಮಾತ್ರ ಅರಸನದಾಗಿರಲಿಲ್ಲ. ಈ ಎರಡನೆಯ ಅರ್ಥವನ್ನು ನಾವು ಮರೆತಿದ್ದೇವೆ. ಅದನ್ನು ನೆನಪಿಸುವುದೇ ಈ ಲೇಖನದ ಉದ್ದೇಶ.

ಉಡುತಡಿಯು ಇಂದಿನ ಶಿಕಾರಿಪುರ ತಾಲೂಕಿನ ಒಂದು ಗ್ರಾಮ. ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ಪರಂಪರೆಯು ನಂಬಿರುವ ಬಳ್ಳಿಗಾವಿಯೂ ಅದೇ ತಾಲೂಕಿನಲ್ಲಿದೆ. ಅದಕ್ಕೆ ತಾಗಿದ ಸೊರಬ ತಾಲೂಕಿನಲ್ಲಿ ಕೈಟಭೇಶ್ವರನ ಕುಬಟೂರು, ಚಂದ್ರಗುತ್ತಿಯ ಬೆಟ್ಟ ಇವೆಲ್ಲ ಇವೆ. ಪ್ರಾಚೀನ ಕಾಲದಲ್ಲಿ ಅರಸರನ್ನೂ ಶರಣರನ್ನೂ ಕಂಡ ಈ ನೆಲವು ಪ್ರಜಾಪ್ರಭುತ್ವದ ಕಾಲದಲ್ಲಿ ಕರ್ನಾಟಕಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿತು. ಕುಬಟೂರಿನ ಶ್ರೀ ಎಸ್. ಬಂಗಾರಪ್ಪನವರು 1967ರಿಂದ ಸತತವಾಗಿ ಏಳು ಸಲ ಸೊರಬದಿಂದ ವಿಧಾನಸಭೆಗೆ ಆರಿಸಿಬಂದು, 1990ರ ಅಕ್ಟೋಬರಿನಿಂದ 1992ರ ನವೆಂಬರಿನವರೆಗೆ ರಾಜ್ಯವನ್ನಾಳಿದರು. ಮಂಡ್ಯದ ಕಡೆಯಿಂದ ಬಂದು ಶಿಕಾರಿಪುರದಲ್ಲಿ ನೆಲೆಯೂರಿದ ಶ್ರೀ ಬಿ. ಎಸ್. ಯಡಿಯೂರಪ್ಪನವರು 1983ರಲ್ಲಿ ಅಲ್ಲಿಂದ ಮೊದಲ ಬಾರಿ ಶಾಸಕರಾಗಿ, ಮುಂದೆ ನಾಲ್ಕು ಸಲ ಮುಖ್ಯಮಂತ್ರಿ ಪದವಿಯ ಪ್ರಮಾಣವಚನವನ್ನು ಸ್ವೀಕರಿಸಿದರು. 2008ರ ಚುನಾವಣೆಯಲ್ಲಿ ಈ ಇಬ್ಬರು ಶಿಕಾರಿಪುರದ ಕಣದಲ್ಲೇ ಎದುರುಬದುರಾಗಿ ನಿಂತದ್ದನ್ನೂ ವಾಚಕರು ಬಲ್ಲರು.

ಎರಡು ಸಣ್ಣ ತಾಲೂಕುಗಳಿಗೆ ಇದು ಅಭಿಮಾನದ ಸಂಗತಿಯೇ ಸರಿ. ರಸ್ತೆ, ಕೆರೆ, ಕಾಲೇಜು, ಆಸ್ಪತ್ರೆಗಳನ್ನು ಎಣಿಸಿ ನಾವು ಆ ಅಭಿಮಾನವನ್ನು ಹೇಳಿಕೊಳ್ಳುತ್ತೇವೆ. ಆದರೆ ನಾವು ಎಣಿಸದೆ ಬಿಡುವ ಇನ್ನೊಂದು ಸಂಗತಿಯಿದೆ. ಈ ಇಬ್ಬರು ಮುಖ್ಯಮಂತ್ರಿಗಳ ಕಾಲದಲ್ಲಿ, ಅವರ ಕೃತಿಗಳನ್ನು ಕುರಿತೇ, ದೇಶದ ಅತ್ಯುಚ್ಚ ನ್ಯಾಯಪೀಠಗಳು ಸರಕಾರದ ಅಧಿಕಾರಕ್ಕೆ ಎಲ್ಲೆ ಯಾವುದೆಂದು ನುಡಿಯಬೇಕಾಗಿ ಬಂದಿತು. ಆ ನುಡಿಗಳು ಕಾನೂನಿನ ಪುಸ್ತಕಗಳನ್ನು ಸೇರಿದವು, ವಕೀಲರು ಓದಿದರು, ನಾವು ಓದಲಿಲ್ಲ. ನಮ್ಮ ನಾಯಕರ ಪದವಿಯನ್ನು ನಮ್ಮದೆಂದು ಹೇಳಿಕೊಳ್ಳುವ ನಾವು ಆ ತೀರ್ಪುಗಳು ಕಲಿಸಿದ ಪಾಠವನ್ನೂ ನಮ್ಮದೆಂದು ಹೇಳಿಕೊಳ್ಳಬೇಡವೇ?

ಮೊದಲು ಸೊರಬದ ಮುಖ್ಯಮಂತ್ರಿಗಳ ಕಾಲದ ಮಾತನ್ನು ತೆಗೆದುಕೊಳ್ಳೋಣ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿಯು ವರ್ಷಕ್ಕೆ 205 ಟಿ.ಎಂ.ಸಿ. ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಮಧ್ಯಂತರ ಆದೇಶ ಹೊರಡಿಸಿತು. ಕನ್ನಡ ನಾಡಿನ ರೈತನ ಎದೆಗೆ ಅದು ಬರೆ ಹಾಕಿದಂತಾಯಿತು. ಒಂದು ತಿಂಗಳೊಳಗೆ, ಜುಲೈ 25ರಂದು, ಬಂಗಾರಪ್ಪನವರ ಸರಕಾರವು ಆ ಆದೇಶವನ್ನು ನಿಷ್ಫಲಗೊಳಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಆಗ ನಾಡಿನ ಉದ್ದಗಲಕ್ಕೂ ಚಪ್ಪಾಳೆ ಬಿದ್ದಿತು. ಗಂಡೆದೆಯ ಮುಖ್ಯಮಂತ್ರಿ ಎಂದು ಕರೆದವರಲ್ಲಿ ನಮ್ಮವರೂ ಇದ್ದರು. ರಾಷ್ಟ್ರಪತಿಗಳು ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಒಪ್ಪಿಸಿದರು. 1991ರ ನವೆಂಬರ್ 22ರಂದು ಬಂದ ಆ ಅಭಿಪ್ರಾಯದ ಸಾರ ಇಷ್ಟು: ಒಂದು ರಾಜ್ಯವು ತಾನೇ ಪಕ್ಷಗಾರನಾಗಿರುವ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಲಾಗದು; ಪ್ರತಿಕೂಲವಾದ ಆದೇಶವನ್ನು ಶಾಸನದ ಬಲದಿಂದ ಅಳಿಸಿಹಾಕಲಾಗದು; ಸುಗ್ರೀವಾಜ್ಞೆಯು ಸಂವಿಧಾನಕ್ಕೆ ವಿರುದ್ಧವಾದುದು.

ಮುಂದೇನಾಯಿತು? ಆ ಡಿಸೆಂಬರಿನಲ್ಲಿ ಮಧ್ಯಂತರ ಆದೇಶವು ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ಗಲಭೆಗಳೆದ್ದವು. ನದಿಯ ವ್ಯಾಜ್ಯದಲ್ಲಿ ಯಾವ ಪಾಲೂ ಇಲ್ಲದ ಬಡ ತಮಿಳು ಕೂಲಿಕಾರರು ಮನೆಮಠಗಳನ್ನು ಕಳೆದುಕೊಂಡರು, ಜೀವಗಳೂ ಹೋದವು. ಕಾವೇರಿ ಮಾತ್ರ ಚಪ್ಪಾಳೆಗೆ ಮಣಿದು ಒಂದು ಹನಿಯನ್ನೂ ಹೆಚ್ಚಾಗಿ ಕೊಡಲಿಲ್ಲ. ಇಪ್ಪತ್ತಾರು ವರ್ಷ ಕಳೆದು, 2018ರ ಫೆಬ್ರವರಿ 16ರಂದು, ಅದೇ ಸರ್ವೋಚ್ಚ ನ್ಯಾಯಾಲಯವು ಸಾಕ್ಷ್ಯಗಳನ್ನೂ ಲೆಕ್ಕಗಳನ್ನೂ ತೂಗಿ ನೋಡಿ, ನ್ಯಾಯಮಂಡಳಿಯು 2007ರಲ್ಲಿ ತಮಿಳುನಾಡಿಗೆ ಬಿಡಬೇಕೆಂದಿದ್ದ 192 ಟಿ.ಎಂ.ಸಿ.ಯನ್ನು 177.25ಕ್ಕೆ ಇಳಿಸಿ, ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಸಿತು. ಸುಗ್ರೀವಾಜ್ಞೆಯ ಅಬ್ಬರದಿಂದ ದೊರಕದ ನೀರು ವಾದದ ತಾಳ್ಮೆಯಿಂದ ದೊರಕಿತು. ನಮ್ಮ ಬೇಡಿಕೆಯಲ್ಲಿ ನ್ಯಾಯವಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನ್ಯಾಯವಾದ ಬೇಡಿಕೆಗೂ ಅಧಿಕಾರದ ಎಲ್ಲೆಯನ್ನು ದಾಟುವ ಹಕ್ಕಿಲ್ಲವೆಂಬುದೇ ಇಲ್ಲಿನ ಪಾಠ. ಇಂದು ನಮಗೆ ಹಿತವಾದ ಕಾರ್ಯಕ್ಕಾಗಿ ಎಲ್ಲೆ ಮೀರಿದ ಸರಕಾರವು ನಾಳೆ ನಮ್ಮ ಹೊಲದ ಬೇಲಿಯನ್ನೂ ಅದೇ ಧೈರ್ಯದಿಂದ ದಾಟೀತು.

ರಾಜ್ಯದ ಅಧಿಕಾರಕ್ಕೆ ಹೀಗೆ ಎಲ್ಲೆ ಗೊತ್ತಾಯಿತು. ಕೇಂದ್ರದ ಅಧಿಕಾರಕ್ಕೂ ಎಲ್ಲೆ ಗೊತ್ತಾದದ್ದು ಕರ್ನಾಟಕದ ವ್ಯಾಜ್ಯದಿಂದಲೇ. 1989ರ ಏಪ್ರಿಲ್ ತಿಂಗಳಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲರು ದೆಹಲಿಗೆ ವರದಿ ಕಳುಹಿಸಿದರು. ಅವರಲ್ಲಿ ಏಳು ಮಂದಿ ಮರುದಿನವೇ ತಿರುಗಿಬಿದ್ದರು. ಮುಖ್ಯಮಂತ್ರಿ ಶ್ರೀ ಎಸ್. ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ತೋರಿಸಲು ಸಿದ್ಧನಿದ್ದೇನೆಂದು ಬೇಡಿಕೊಂಡರು. ಆ ಮಾತಿಗೆ ಕಿವಿಗೊಡದೆ ಏಪ್ರಿಲ್ 21ರಂದು ಸರಕಾರವನ್ನು ವಜಾ ಮಾಡಲಾಯಿತು. ನಮ್ಮ ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ತಳ್ಳಿಹಾಕಿತು. ಕೊನೆಗೆ 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ವಜಾ ಸಂವಿಧಾನಬಾಹಿರವೆಂದು ಸಾರಿತು. ಸರಕಾರಕ್ಕೆ ಬಹುಮತವಿದೆಯೇ ಎಂಬುದನ್ನು ರಾಜಭವನದ ಕೋಣೆಯಲ್ಲಿ ಅಳೆಯಬಾರದು, ಸದನದ ನೆಲದ ಮೇಲೆ ಅಳೆಯಬೇಕು ಎಂಬ ನಿಯಮವು ಅಂದಿನಿಂದ ಇಡೀ ಭಾರತಕ್ಕೆ ಅನ್ವಯವಾಯಿತು. ಬೊಮ್ಮಾಯಿಯವರಿಗೆ ನ್ಯಾಯ ದೊರಕಿತು. ಸರಕಾರ ಮಾತ್ರ ಮರಳಿ ಬರಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೆ ಮರಳುವೆನು.

ಬೊಮ್ಮಾಯಿ ತೀರ್ಪನ್ನು ಗುರಾಣಿಯೆಂದು ಹಿಡಿದವರಿಗೆ ಅದು ಕಟ್ಟುಪಾಡೂ ಹೌದೆಂಬುದು ಶಿಕಾರಿಪುರದ ಮುಖ್ಯಮಂತ್ರಿಗಳ ಕಾಲದಲ್ಲಿ ಗೊತ್ತಾಯಿತು. 2010ರ ಅಕ್ಟೋಬರಿನಲ್ಲಿ, ವಿಶ್ವಾಸಮತದ ಮುನ್ನಾದಿನ, ಆಡಳಿತ ಪಕ್ಷದ್ದೇ ಆದ ಹನ್ನೊಂದು ಮಂದಿ ಭಿನ್ನಮತೀಯ ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಅಳೆಯುವ ಕೊಳಗವನ್ನೇ ಕಿರಿದು ಮಾಡಿ ಧಾನ್ಯ ತುಂಬಿತೆಂದು ಹೇಳಿದ ಹಾಗಾಯಿತು. 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಅನರ್ಹತೆಯನ್ನು ರದ್ದುಪಡಿಸಿತು. ಮತ್ತೆ 2018ರ ಮೇ ತಿಂಗಳಿನಲ್ಲಿ 104 ಸ್ಥಾನಗಳ ಬಲದ ಮೇಲೆ ಪ್ರಮಾಣವಚನಕ್ಕೆ ಆಹ್ವಾನ ಬಂದಿತು. ಬಹುಮತ ತೋರಿಸಲು ರಾಜ್ಯಪಾಲರು ಹದಿನೈದು ದಿನಗಳ ಅವಧಿಯನ್ನು ಕೊಟ್ಟರು. ನಡುರಾತ್ರಿಯಲ್ಲಿ ಬಾಗಿಲು ತೆರೆದು ವಾದವನ್ನು ಕೇಳಿದ ಸರ್ವೋಚ್ಚ ನ್ಯಾಯಾಲಯವು ಪ್ರಮಾಣವಚನವನ್ನು ತಡೆಯಲಿಲ್ಲ. ಆದರೆ ಹದಿನೈದು ದಿನಗಳನ್ನು ಕಡಿದು, ಮೇ 19ರ ಸಂಜೆ ನಾಲ್ಕು ಗಂಟೆಗೆ ಸದನದಲ್ಲಿಯೇ ಬಲವನ್ನು ತೋರಿಸಿರೆಂದು ಆಜ್ಞಾಪಿಸಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪನವರು ರಾಜೀನಾಮೆಯಿತ್ತರು. ಅಂದು ಶಿಕಾರಿಪುರದ ಬೀದಿಗಳಲ್ಲಿ ಅನೇಕರು ಕಣ್ಣೀರಿಟ್ಟರೆಂದರೆ ಆಶ್ಚರ್ಯವಿಲ್ಲ. ಆದರೆ ಆ ಸಂಜೆ ಗೆದ್ದದ್ದು ಅವರ ಎದುರಾಳಿಗಳಲ್ಲ. ಬೊಮ್ಮಾಯಿಯವರಿಗೆ 1989ರಲ್ಲಿ ನಿರಾಕರಿಸಲಾದ ಸದನದ ನೆಲ.

ಇನ್ನು ಅತ್ಯಂತ ನೋವಿನ ಅಧ್ಯಾಯಕ್ಕೆ ಬರೋಣ. 1984ರ ಲೋಕಾಯುಕ್ತ ಅಧಿನಿಯಮವು ಕರ್ನಾಟಕವು ತನ್ನ ಆಳುವವರ ಮೇಲೆ ತಾನೇ ಇಟ್ಟುಕೊಂಡ ಕಣ್ಣು. 2011ರ ಜುಲೈ 27ರಂದು ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು ಬಳ್ಳಾರಿ ಭಾಗದ ಅಕ್ರಮ ಗಣಿಗಾರಿಕೆಯನ್ನು ಕುರಿತ ವರದಿಯನ್ನು ಸಲ್ಲಿಸಿ, ಬೊಕ್ಕಸಕ್ಕೆ 16,085 ಕೋಟಿ ರೂಪಾಯಿಗಳ ನಷ್ಟವಾಗಿದೆಯೆಂದು ಲೆಕ್ಕ ಹಾಕಿದರು. ಅದರಲ್ಲಿ ಮುಖ್ಯಮಂತ್ರಿಗಳ ಹೆಸರೂ ಬಂದಿತು. ಜುಲೈ 31ರಂದು ಅವರು ಪದವಿಯನ್ನು ಬಿಟ್ಟರು. ಅಕ್ಟೋಬರಿನಲ್ಲಿ ಜಮೀನಿನ ಪ್ರಕರಣವೊಂದರಲ್ಲಿ ಸೆರೆಮನೆಯನ್ನೂ ಕಂಡರು. ತುರ್ತುಪರಿಸ್ಥಿತಿಯ ಕಾಲದಲ್ಲಿ ಪ್ರಜಾಪ್ರಭುತ್ವಕ್ಕಾಗಿ ಸೆರೆಮನೆ ಕಂಡ ನಾಯಕರೊಬ್ಬರು ಮೂವತ್ತು ಚಿಲ್ಲರೆ ವರ್ಷಗಳ ಮೇಲೆ ಆರೋಪಿಯಾಗಿ ಅಲ್ಲಿಗೆ ಹೋಗಬೇಕಾದುದು ಅವರ ವಿರೋಧಿಗಳಿಗೂ ಹರ್ಷ ತರಬೇಕಾದ ಸಂಗತಿಯಾಗಿರಲಿಲ್ಲ. 2012ರ ಮಾರ್ಚಿಯಲ್ಲಿ ಉಚ್ಚ ನ್ಯಾಯಾಲಯವು ಗಣಿ ವರದಿಯ ಆಧಾರದ ಮೊಕದ್ದಮೆಯನ್ನು ರದ್ದುಪಡಿಸಿತು. ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ತನಿಖಾ ದಳದಿಂದ ವಿಚಾರಣೆಯಾಗಲಿ ಎಂದಿತು. 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯವು ಅವರನ್ನೂ ಅವರ ಕುಟುಂಬದವರನ್ನೂ ದೋಷಮುಕ್ತರೆಂದು ಬಿಡುಗಡೆ ಮಾಡಿತು.

ಇಲ್ಲಿ ಎರಡು ಪಕ್ಷಗಳಿಗೂ ಎರಡು ಮಾತು ಹೇಳಬೇಕಾಗಿದೆ. ಆರೋಪ ಬಂದ ದಿನವೇ ತೀರ್ಪು ಬರೆದು ಮುಗಿಸಿದವರು, ನ್ಯಾಯಾಲಯವು ದೋಷಮುಕ್ತಗೊಳಿಸಿದ ಮೇಲೆಯೂ ಅಪರಾಧಿಯೆಂದೇ ಕರೆಯುವುದು ಧರ್ಮವಲ್ಲ. ಆರೋಪವು ತೀರ್ಪಲ್ಲ. ಆದರೆ ದೋಷಮುಕ್ತರಾದರು, ಆದುದರಿಂದ ಆಗ ಪ್ರಶ್ನೆ ಕೇಳಿದ್ದೇ ಪಾಪ ಎಂದು ವಾದಿಸುವ ನಮ್ಮ ಬಂಧುಗಳಿಗೂ ಒಂದು ಮಾತು. ನ್ಯಾಯಾಲಯವು ವಿಚಾರಿಸುವುದು ಶಿಕ್ಷೆಗೆ ಸಾಕಾಗುವಷ್ಟು ಸಾಕ್ಷ್ಯವಿದೆಯೇ ಎಂಬುದನ್ನು. ಪ್ರಜೆಯು ವಿಚಾರಿಸಬೇಕಾದುದು ಬೇರೆ. ಕೆಂಪು ಮಣ್ಣು ಲಾರಿ ಲಾರಿಯಾಗಿ ಬಂದರು ಸೇರುತ್ತಿದ್ದಾಗ ಕಾಯಬೇಕಾದವರು ಎಲ್ಲಿದ್ದರು? ಯಾವ ಕಡತಕ್ಕೆ ಯಾರು ಸಹಿ ಮಾಡಿದರು? ಯಾವ ಪಕ್ಷದ ಯಾವ ಸರಕಾರ ಯಾವಾಗ ಕಣ್ಣು ಮುಚ್ಚಿತು? ಈ ಪ್ರಶ್ನೆಗಳಿಗೆ ಬಿಡುಗಡೆಯ ಆದೇಶವು ಉತ್ತರವಲ್ಲ. ಅಪರಾಧಿಯಲ್ಲದವನೂ ಉತ್ತರದಾಯಿಯೇ. ಅಂಗಡಿಯ ಗುಮಾಸ್ತನು ಕಳ್ಳನಲ್ಲವೆಂದು ಸಿದ್ಧವಾದ ಮೇಲೂ ಪೆಟ್ಟಿಗೆಯ ಲೆಕ್ಕವನ್ನು ಒಪ್ಪಿಸಬೇಕಷ್ಟೆ?

ಲೆಕ್ಕ ಕೇಳುವ ವಿಷಯದಲ್ಲಿ ನಮ್ಮ ಪಕ್ಷಗಳು ಎಷ್ಟು ನಿಷ್ಠೆಯಿಂದಿವೆಯೆಂಬುದಕ್ಕೆ ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿರಿ. 2011ರ ಜನವರಿಯಲ್ಲಿ ರಾಜ್ಯಪಾಲ ಶ್ರೀ ಎಚ್. ಆರ್. ಭಾರದ್ವಾಜರು ಯಡಿಯೂರಪ್ಪನವರ ಮೇಲೆ ಮೊಕದ್ದಮೆ ಹೂಡಲು ಅನುಮತಿ ಕೊಟ್ಟರು. ಆಡಳಿತ ಪಕ್ಷವು ರಾಜ್ಯಪಾಲರನ್ನು ಕೇಂದ್ರದ ಕೈಗೊಂಬೆಯೆಂದು ಜರೆದು ಜನವರಿ 22ರಂದು ರಾಜ್ಯ ಬಂದ್‌ಗೆ ಕರೆಕೊಟ್ಟಿತು. ವಿರೋಧ ಪಕ್ಷವು ಸಂವಿಧಾನದ ವಿಜಯವೆಂದಿತು. 2024ರ ಆಗಸ್ಟಿನಲ್ಲಿ ರಾಜ್ಯಪಾಲ ಶ್ರೀ ಥಾವರಚಂದ್ ಗೆಹಲೋತರು ಮೈಸೂರಿನ ನಿವೇಶನಗಳ ಪ್ರಕರಣದಲ್ಲಿ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರ ವಿರುದ್ಧ ತನಿಖೆಗೆ ಅನುಮತಿಯಿತ್ತರು. ಈಗ ಕೈಗೊಂಬೆಯೆಂದು ಜರೆದವರು ಹಿಂದೆ ವಿಜಯವೆಂದವರು. ಈಗ ವಿಜಯವೆಂದವರು ಹಿಂದೆ ಜರೆದವರು. ವೇಷ ಬದಲಾಯಿತೇ ಹೊರತು ನಾಟಕ ಅದೇ. ಸೆಪ್ಟೆಂಬರ್ 24ರಂದು ಉಚ್ಚ ನ್ಯಾಯಾಲಯವು ರಾಜ್ಯಪಾಲರ ಆದೇಶವನ್ನು ಎತ್ತಿಹಿಡಿಯಿತು. ಸಚಿವ ಸಂಪುಟವು ತನ್ನ ನಾಯಕನ ವಿಷಯದಲ್ಲಿ ಸಲಹೆ ಕೊಡಬೇಕಾದಾಗ ರಾಜ್ಯಪಾಲರು ಸ್ವತಂತ್ರವಾಗಿ ಯೋಚಿಸಬಹುದೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2004ರಷ್ಟು ಹಿಂದೆಯೇ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತ್ತು. ಮುಂದೆ 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಿದ್ದರಾಮಯ್ಯನವರ ವಿರುದ್ಧ ಸಾಕ್ಷ್ಯವಿಲ್ಲವೆಂದು ವರದಿ ಮಾಡಿದರು. ಅಲ್ಲಿಯೂ ಅದೇ ಮಾತು: ಆರೋಪ ತೀರ್ಪಲ್ಲ, ಆದರೆ ಪ್ರಶ್ನೆ ಕೇಳಿದ್ದು ಅಪರಾಧವೂ ಅಲ್ಲ.

ಇಷ್ಟಕ್ಕೂ ಪಕ್ಷಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದವು. 2016ರ ಮಾರ್ಚಿಯಲ್ಲಿ ಕಾಂಗ್ರೆಸ್ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ಸಂಸ್ಥೆಯನ್ನು ಒಂದು ಸರಕಾರಿ ಆದೇಶದಿಂದ ಸೃಷ್ಟಿಸಿ, ಲೋಕಾಯುಕ್ತದ ಪೊಲೀಸ್ ಅಧಿಕಾರವನ್ನು ಕಿತ್ತುಕೊಂಡಿತು. ಲೋಕಾಯುಕ್ತ ಕಛೇರಿಯೇ 2015ರಲ್ಲಿ ಹಣ ವಸೂಲಿಯ ಆರೋಪಕ್ಕೆ ಗುರಿಯಾಗಿ ಮಾನ ಕಳೆದುಕೊಂಡಿದ್ದುದು ಅದಕ್ಕೆ ನೆಪವೂ ಆಯಿತು. ಹೊಲ ಕಾಯುವವನು ತಪ್ಪಿದರೆ ಒಳ್ಳೆಯ ಕಾವಲುಗಾರನನ್ನು ನೇಮಿಸಬೇಕು. ಅದರ ಬದಲು ಮೇಯುವವರ ಕೈಗೇ ಕೋಲನ್ನು ಕೊಟ್ಟಂತಾಯಿತು. ಏಕೆಂದರೆ ಆ ದಳವು ಮುಖ್ಯಮಂತ್ರಿಗಳ ಅಧೀನದಲ್ಲಿಯೇ ಕೆಲಸ ಮಾಡಬೇಕಿತ್ತು. ವಿರೋಧದಲ್ಲಿದ್ದಾಗ ಅದನ್ನು ಖಂಡಿಸಿದ ಭಾರತೀಯ ಜನತಾ ಪಕ್ಷವು 2019ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಅದನ್ನು ಮುಚ್ಚಿತೇ? ಇಲ್ಲ. ಅದನ್ನು ರದ್ದುಪಡಿಸಲು 2022ರ ಆಗಸ್ಟ್ 11ರಂದು ಉಚ್ಚ ನ್ಯಾಯಾಲಯವೇ ಬರಬೇಕಾಯಿತು. ಆರು ವರ್ಷಗಳ ಕಾಲ ರಾಜ್ಯವನ್ನಾಳಿದ ಯಾವ ಪಕ್ಷಕ್ಕೂ ತನ್ನ ಮೇಲಿನ ಕಣ್ಣು ತೆರೆದಿರುವುದು ಬೇಕಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಪ್ರಜೆಗಳು ಲಕ್ಷಗಟ್ಟಲೆ ಮತ ಕೊಟ್ಟು ಆರಿಸಿದವರನ್ನು, ಯಾರ ಮತವನ್ನೂ ಪಡೆಯದ ನಾಲ್ಕಾರು ನ್ಯಾಯಮೂರ್ತಿಗಳು ತಡೆಯುವುದು ಪ್ರಜಾಪ್ರಭುತ್ವವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆಯು ಗಂಭೀರವಾದುದು. ನ್ಯಾಯಾಲಯವೂ ತಪ್ಪಿದೆ. 1976ರಲ್ಲಿ, ತುರ್ತುಪರಿಸ್ಥಿತಿಯ ಕತ್ತಲೆಯಲ್ಲಿ, ಬಂಧನಕ್ಕೊಳಗಾದವನು ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕನ್ನೂ ಕಳೆದುಕೊಂಡಿದ್ದಾನೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿತ್ತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. ಆ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಲು 2017ರವರೆಗೆ ಕಾಯಬೇಕಾಯಿತು. ಅದು ನಮ್ಮ ನಾಡಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಆಯಿತು. ನ್ಯಾಯವು ತಡವಾಗಿಯೂ ಬರುತ್ತದೆ. ಬೊಮ್ಮಾಯಿಯವರ ಸರಕಾರ ಮರಳಲಿಲ್ಲವೆಂದು ಹಿಂದೆ ಹೇಳಿದೆನಷ್ಟೆ? ಆದುದರಿಂದ ನ್ಯಾಯಾಲಯವೊಂದೇ ನಮ್ಮನ್ನು ಕಾಪಾಡೀತೆಂದು ನಂಬಿ ಮಲಗುವುದು ಸಲ್ಲದು. ಆದರೆ ಮತದ ಅರ್ಥವನ್ನೂ ಸರಿಯಾಗಿ ತಿಳಿಯಬೇಕು. ಮತವೆಂದರೆ ದಾನಪತ್ರವಲ್ಲ; ಐದು ವರ್ಷಗಳ ಗೇಣಿಪತ್ರ. ಗೇಣಿಪತ್ರದಲ್ಲಿ ಷರತ್ತುಗಳಿರುತ್ತವೆ. ಆ ಷರತ್ತುಗಳ ಹೆಸರೇ ಸಂವಿಧಾನ. ಹೆಚ್ಚು ಮತಗಳಿಂದ ಗೆದ್ದವನಿಗೆ ಷರತ್ತುಗಳು ಕಡಿಮೆಯಾಗುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಕಾನೂನಿನಲ್ಲಲ್ಲ, ನಮ್ಮಲ್ಲಿದೆ. ಅಧಿಕಾರಸ್ಥರ ಅತ್ಯಂತ ಭದ್ರವಾದ ಕೋಟೆ ಯಾವುದು? ಪೊಲೀಸರಲ್ಲ, ವಕೀಲರಲ್ಲ, “ಅವರು ನಮ್ಮವರು” ಎಂಬ ಎರಡು ಪದಗಳು. ಸೊರಬದಲ್ಲಿ ಬಂಗಾರಪ್ಪನವರನ್ನು ಪ್ರಶ್ನಿಸಿದವನು ಹಿಂದುಳಿದವರ ವೈರಿಯಾದನು. ಶಿಕಾರಿಪುರದಲ್ಲಿ ಯಡಿಯೂರಪ್ಪನವರನ್ನು ಪ್ರಶ್ನಿಸಿದವನು ಸಮಾಜದ್ರೋಹಿಯಾದನು. ಒಂದು ಊರಿನಲ್ಲಿ ಮಾಡಿದ ತಪ್ಪನ್ನೇ ಇನ್ನೊಂದು ಊರಿನ ನಾಯಕನು ಮಾಡಿದರೆ ಅಪರಾಧ, ನಮ್ಮ ಊರಿನವನು ಮಾಡಿದರೆ ಅನ್ಯರ ಪಿತೂರಿ! ಜಾತಿಯು ಮದುವೆಯ ಮನೆಯಿಂದ ಹೊರಟು ಮತಪೆಟ್ಟಿಗೆಯನ್ನು ಹೊಕ್ಕು, ಅಲ್ಲಿಂದ ನ್ಯಾಯದ ತಕ್ಕಡಿಯ ಮೇಲೂ ಕುಳಿತಿದೆ.

ಈ ದೋಷವನ್ನು ಇತರರ ಮೇಲೆ ಹೊರಿಸಿ ನಾವು ಪಾರಾಗುವಂತಿಲ್ಲ. 2021ರ ಜುಲೈ ತಿಂಗಳಿನಲ್ಲಿ ಮುಖ್ಯಮಂತ್ರಿಗಳ ಬದಲಾವಣೆಯ ಸುದ್ದಿ ಹಬ್ಬಿದಾಗ ವೀರಶೈವ ಲಿಂಗಾಯತ ಮಠಾಧೀಶರು ಹಲವರು ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಗಳ ಮನೆಯಲ್ಲಿ ನೆರೆದು, ಅವರನ್ನು ಮುಂದುವರಿಸಬೇಕೆಂದು ಒತ್ತಾಯಿಸಿದ್ದನ್ನು ನಾಡೇ ನೋಡಿತು. ಜುಲೈ 26ರಂದು ಅವರು ರಾಜೀನಾಮೆಯಿತ್ತರು. ಗುರುಗಳ ವಿಷಯದಲ್ಲಿ ಭಕ್ತನು ನಾಲಗೆಯನ್ನು ಬಿಗಿಹಿಡಿಯಬೇಕೆಂಬುದನ್ನು ನಾನು ಬಲ್ಲೆ. ಆದರೂ ವಿನಯದಿಂದ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಒಂದು ಪಕ್ಷವು ತನ್ನ ನಾಯಕನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಮಠಗಳು ನಿರ್ಣಯಿಸಬೇಕಾದ ವಿಷಯವೇ? 2008ರ ನಂತರದ ವರ್ಷಗಳಲ್ಲಿ ರಾಜ್ಯದ ಆಯವ್ಯಯದಿಂದ ನೇರವಾಗಿ ಮಠಗಳಿಗೆ ಅನುದಾನ ಕೊಡುವ ಪದ್ಧತಿಯು ಬೆಳೆಯಿತು. ಬಡ ಮಕ್ಕಳ ಅನ್ನಕ್ಕೂ ಅಕ್ಷರಕ್ಕೂ ಆ ಹಣ ಉಪಯೋಗವಾಗಿರಬಹುದು, ಆಗಿದೆ. ಆದರೆ ಒಮ್ಮೆ ಚಾಚಿದ ಕೈಯು ಬೊಟ್ಟು ಮಾಡಲಾರದು. ಅರಸನಿಗೆ ಬುದ್ಧಿ ಹೇಳಬೇಕಾದ ಪೀಠವು ಅರಸನಿಗೆ ಋಣಿಯಾದರೆ ಪ್ರಜೆಗೆ ದಿಕ್ಕಾರು?

ಆಯ್ದಕ್ಕಿ ಲಕ್ಕಮ್ಮನ ಕಥೆಯು ನಮ್ಮ ಮನೆಮನೆಗಳಲ್ಲಿ ಹೇಳುವ ಕಥೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆಕೆ ಹಿಗ್ಗಲಿಲ್ಲ; ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಗಂಡನಿಗಿಂತ ಹತ್ತಿರದವರು ಯಾರುಂಟು? “ನಮ್ಮವರು” ಎಂಬ ಮಾತಿಗೆ ಅದಕ್ಕಿಂತ ಗಟ್ಟಿಯಾದ ಅರ್ಥವುಂಟೇ? ತನ್ನವನೆಂಬ ಕಾರಣಕ್ಕಾಗಿಯೇ ಆಕೆ ಲೆಕ್ಕ ಕೇಳಿದಳು. ಪರರ ತಪ್ಪನ್ನು ಎತ್ತಿ ತೋರಿಸಲು ಧೈರ್ಯ ಬೇಕಿಲ್ಲ, ನಾಲಗೆಯೊಂದಿದ್ದರೆ ಸಾಕು. ತನ್ನವರ ಚೀಲವನ್ನು ಬಿಚ್ಚಿ ನೋಡುವುದಕ್ಕೆ ಧೈರ್ಯ ಬೇಕು.

ಆ ಧೈರ್ಯವು ಈ ನೆಲಕ್ಕೆ ಹೊಸದಲ್ಲ. ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಕಂದಾಯವನ್ನು ಯಾರಿಗೆ ಕೊಡಬೇಕು, ಏಕೆ ಕೊಡಬೇಕು ಎಂಬ ಪ್ರಶ್ನೆಯನ್ನು ಆ ಹಳ್ಳಿಯ ಜನ ಸಾಮ್ರಾಜ್ಯಕ್ಕೇ ಕೇಳಿದರು. ಸಂಘರ್ಷದಲ್ಲಿ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡದ್ದು ದುಃಖದ ಸಂಗತಿ. 1943ರ ಮಾರ್ಚಿಯಲ್ಲಿ ಊರಿನ ಐವರು ನೇಣುಗಂಬವನ್ನೇರಿದರು. ಪ್ರಶ್ನೆಗೆ ಅಂದು ಅಷ್ಟು ಬೆಲೆಯನ್ನು ತೆರಬೇಕಾಗಿತ್ತು. ಇಂದು ನಮ್ಮಲ್ಲಿ ಯಾರೂ ನೇಣಿಗೇರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಹತ್ತು ರೂಪಾಯಿಯ ಶುಲ್ಕದೊಡನೆ ಒಂದು ಅರ್ಜಿ ಬರೆದರೆ, ಮೂವತ್ತು ದಿನಗಳೊಳಗೆ ಕಛೇರಿಯು ಉತ್ತರ ಕೊಡಬೇಕಾಗಿದೆ. ಪಂಚಾಯತ್ ರಾಜ್ ಅಧಿನಿಯಮವು ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆನ್ನುತ್ತದೆ. ಐವರು ಜೀವ ತೆತ್ತು ಗಳಿಸಿದ ಹಕ್ಕನ್ನು ಹತ್ತು ರೂಪಾಯಿಗೆ ಪಡೆಯುವ ನಾವು, ಗ್ರಾಮಸಭೆಯ ದಿನ ಜಗುಲಿಯ ಮೇಲೆ ಕುಳಿತು “ನಮಗೇಕೆ ಬೇಡದ ಉಸಾಬರಿ” ಎನ್ನುತ್ತೇವಲ್ಲ, ಈಸೂರಿನ ಆ ಐವರಿಗೆ ಯಾವ ಮುಖವನ್ನು ತೋರಿಸೋಣ?

ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ನಿಮ್ಮಲ್ಲಿ ಇಂದು ಅಧಿಕಾರಿಗಳಿದ್ದೀರಿ, ವಕೀಲರಿದ್ದೀರಿ, ಅಧ್ಯಾಪಕರಿದ್ದೀರಿ, ಗುತ್ತಿಗೆದಾರರಿದ್ದೀರಿ, ಪಂಚಾಯತಿಯ ಸದಸ್ಯರಿದ್ದೀರಿ. ಬಾಲ್ಯದಲ್ಲಿ ಉಗ್ರಾಣದಿಂದ ಅಕ್ಕಿಬೇಳೆಯನ್ನು ಅಳೆದು ಕೊಡುವಾಗ ಪುಸ್ತಕದಲ್ಲಿ ಬರೆದುಕೊಂಡು ಸಹಿ ಹಾಕಿದ್ದು ನೆನಪಿದೆಯೇ? ಒಂದು ಪಾವಿನ ವ್ಯತ್ಯಾಸಕ್ಕೂ ಅಂದು ಕಾರಣವನ್ನು ಹೇಳಬೇಕಾಗಿತ್ತು. ಅದರಿಂದ ನಮ್ಮ ಮಾನವೇನೂ ಹೋಗಲಿಲ್ಲ. ನಮ್ಮನ್ನು ಯಾರೂ ಕಳ್ಳರೆಂದೂ ಕರೆಯಲಿಲ್ಲ. ಭಕ್ತರು ಹೊತ್ತು ತಂದ ಧಾನ್ಯವದು, ಆದುದರಿಂದ ಲೆಕ್ಕವಿರಬೇಕು ಎಂಬುದೊಂದೇ ಕಾರಣ. ರಾಜ್ಯದ ಬೊಕ್ಕಸವೂ ಜನ ಹೊತ್ತು ತಂದ ಧಾನ್ಯವೇ. ಹುಡುಗನಿಂದ ಪಾವಕ್ಕಿಯ ಲೆಕ್ಕವನ್ನು ಕೇಳಿದ ನಾವು ಮಂತ್ರಿಯಿಂದ ಸಾವಿರಾರು ಕೋಟಿಯ ಲೆಕ್ಕವನ್ನು ಕೇಳಲು ಏಕೆ ಅಂಜಬೇಕು? ಹಾಗೆಯೇ ಮಠಗಳೂ ತಾವು ಪಡೆದ ಸರಕಾರಿ ಅನುದಾನದ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನು ಭಕ್ತರ ಮುಂದೆ ವರ್ಷವರ್ಷವೂ ತಾವಾಗಿಯೇ ಮಂಡಿಸಲಿ. ಇತರರಿಗೆ ಲೆಕ್ಕ ಕೇಳುವ ನೈತಿಕ ಬಲವು ಅಲ್ಲಿಂದ ಹುಟ್ಟುತ್ತದೆ.

ಮುಂದೆಯೂ ಶಿಕಾರಿಪುರದಿಂದ, ಸೊರಬದಿಂದ ನಾಯಕರು ಹುಟ್ಟಿಬರಲಿ, ಮುಖ್ಯಮಂತ್ರಿಗಳೂ ಆಗಲಿ, ನಾವು ಹಾರ ಹಾಕೋಣ. ಆದರೆ ಹಾರ ಹಾಕಿದ ಕೈಯಲ್ಲಿ ಲೆಕ್ಕದ ಪುಸ್ತಕವೂ ಇರಲಿ. ನ್ಯಾಯಾಲಯವು ನುಡಿಯುವವರೆಗೆ ಕಾಯದೆ, ಮನೆಯವರೇ ಮೊದಲು ಕೇಳುವಂತಾಗಲಿ. ಉಡುತಡಿಯ ಮಗಳು ಅರಸನನ್ನು ತೊರೆಯಲು ಯಾವ ತೀರ್ಪಿಗೂ ಕಾಯಲಿಲ್ಲ; ಮಾತು ಮುರಿಯಿತೆಂಬುದಷ್ಟೇ ಆಕೆಗೆ ಸಾಕಾಗಿತ್ತು. ಆಕೆಯ ಊರಿನವರೆಂದು ಹೇಳಿಕೊಳ್ಳುವ ಹಕ್ಕು ನಮಗೆ ಬೇಕಾದರೆ, ಆಕೆಯ ಪ್ರಶ್ನೆಯನ್ನೂ ನಾವು ಕಲಿಯಬೇಕಾಗಿದೆ.